ಬೂದಿಯಲ್ಲಿ ಉಳಿದ ಬಟಾಟೆ

ಹಡಗಿನ ಅಡುಗೆಯವನಿಗೆ ಬೈಯುವುದಕ್ಕೆ ಕಾರಣ ಬೇಕಾಗಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಅವನು, ಗಂಜಿ ತೆಳ್ಳಗಾದರೆ ಅವನು, ಅಲೆ ಎದ್ದು ಪಾತ್ರೆ ಮಗುಚಿದರೂ ಅವನೇ. ಇಂಥ ಕೆಲಸವನ್ನು ಇಪ್ಪತ್ತೊಂಬತ್ತು ವರ್ಷ ಮಾಡಿಯೂ ಮಂಗಳೂರಿನ ಹಳೇ ಬಂದರಿನಲ್ಲಿ ಒಳ್ಳೆಯವನೆಂಬ ಹೆಸರು ಉಳಿಸಿಕೊಂಡವನು ಹಸನಬ್ಬ ಒಬ್ಬನೇ ಇರಬೇಕು. ಬಂದರಿನ ಹಿಂದೂಗಳಿಗೂ ಬ್ಯಾರಿಗಳಿಗೂ ಅವನು ಹಸನಾಕ. ಬೈಯಬೇಕೆಂದು ಬಾಯಿ ತೆರೆದವನ ಕೈಗೆ ಬಿಸಿ ಚಾ ಕೊಟ್ಟುಬಿಡುವುದು ಅವನ ವಿದ್ಯೆ.

ಲಕ್ಷದ್ವೀಪಕ್ಕೆ ಅಕ್ಕಿ, ನೀರುಳ್ಳಿ, ಬಟಾಟೆ, ಸಿಮೆಂಟು ಹೊತ್ತುಕೊಂಡು ಹೋಗುವ ಮರದ ದೊಡ್ಡ ಹಡಗಿಗೆ ಇಲ್ಲಿ ಮಂಜಿ ಎನ್ನುತ್ತಾರೆ. ಬೇರೆ ಮಂಜಿಗಳಲ್ಲೆಲ್ಲ ಗ್ಯಾಸ್ ಬಂದು ಕೂತರೂ ಹಸನಬ್ಬನ ಮಂಜಿಯಲ್ಲಿ ಹಳೆಯ ಒಲೆ ಉಳಿದಿತ್ತು. ಉಳಿಸಿಕೊಂಡದ್ದು ಅವನ ಹಟ. ಹಿಂಬದಿಯಲ್ಲಿ, ಚುಕ್ಕಾಣಿಯ ಪಕ್ಕ, ಮರಳು ತುಂಬಿದ ತಗಡಿನ ಪೆಟ್ಟಿಗೆ. ಅದರ ಮೇಲೆ ಕಬ್ಬಿಣದ ಒಲೆ. ಉರಿಸುವುದಕ್ಕೆ ಸೌದೆ ಮತ್ತು ತೆಂಗಿನ ಗೆರಟೆ. ದ್ವೀಪದಿಂದ ತೆಂಗಿನಕಾಯಿ ತರುವ ಮಂಜಿಯಲ್ಲಿ ಗೆರಟೆಗೆ ಬರವೆಲ್ಲಿ?

ಗ್ಯಾಸ್ ಬೇಡವೆನ್ನುವುದಕ್ಕೆ ಹಸನಬ್ಬನ ಹತ್ತಿರ ಇದ್ದ ಕಾರಣ ಒಂದೇ: ಗ್ಯಾಸಿನಲ್ಲಿ ಬೂದಿ ಬರುವುದಿಲ್ಲ, ಬೂದಿಯಿಲ್ಲದೆ ಬಟಾಟೆ ಸುಡಲಿಕ್ಕಾಗುವುದಿಲ್ಲ. ಮಧ್ಯಾಹ್ನದ ಅನ್ನ ಇಳಿಸಿದ ಮೇಲೆ ಕೆಂಡವನ್ನು ಒಂದು ಬದಿಗೆ ಎಳೆದು, ಎಂಟು ಜನಕ್ಕೆ ಎಂಟು ಬಟಾಟೆಯನ್ನು ಬಿಸಿ ಬೂದಿಯಲ್ಲಿ ಹೂಳುತ್ತಿದ್ದ. ಅಸರ್ ನಮಾಝಿನ ಹೊತ್ತಿಗೆ, ಎಂದರೆ ನಾಲ್ಕು ನಾಲ್ಕೂವರೆಗೆ, ಸಿಪ್ಪೆ ಕಪ್ಪಾಗಿ ಒಳಗೆಲ್ಲ ಮೆತ್ತಗಾಗಿರುತ್ತಿತ್ತು. ಒಡೆದು ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ, ಹಾಲಿಲ್ಲದ ಚಾದ ಜೊತೆ ತಿನ್ನುವುದು. ಮೊದಮೊದಲು ದೊಡ್ಡ ಬಟಾಟೆಗೆ ಜಗಳವಾಗುತ್ತಿತ್ತು. ಮೀಸೆ ಬಂದ ಗಂಡಸರು ಬಟಾಟೆಗೆ ಮುಖ ಊದಿಸಿಕೊಂಡು ಕೂರುವುದನ್ನು ನೋಡಲಾರದೆ ಹಸನಬ್ಬ ಒಂದು ಕ್ರಮ ಮಾಡಿದ. ಬೆಳಿಗ್ಗೆಯೇ ಪ್ರತಿಯೊಬ್ಬನೂ ತನ್ನ ಬಟಾಟೆ ಆರಿಸಿ ಚೂರಿಯಿಂದ ಗುರುತು ಹಾಕಿ ಕೊಡಬೇಕು, ಸಂಜೆ ತನ್ನದನ್ನು ತಾನೇ ಕೋಲಿನಿಂದ ಕೆದಕಿ ತೆಗೆದುಕೊಳ್ಳಬೇಕು. ಒಬ್ಬನದನ್ನು ಇನ್ನೊಬ್ಬ ಮುಟ್ಟುವಂತಿಲ್ಲ.

ಅವರಲ್ಲಿ ಎರಡು ಗೀರು ಹಾಕಿ ಎಲ್ಲಕ್ಕಿಂತ ದೊಡ್ಡ ಬಟಾಟೆ ಕೊಡುತ್ತಿದ್ದವನು ಉಬೈದ್. ಹಸನಬ್ಬನ ಒಬ್ಬಳೇ ಮಗಳು ನಾಝಿಮಾಳ ಗಂಡ. ಸೌದಿಯ ದಮ್ಮಾಮಿನಲ್ಲಿ ಅವನು ದುಡಿಯುತ್ತಿದ್ದ ಅಂಗಡಿ ಮುಚ್ಚಿ, ಊರಿಗೆ ಬಂದು ಕೆಲಸವಿಲ್ಲದೆ ಕೂತಿದ್ದಾಗ, ತಾನೇ ಕೈಹಿಡಿದು ಮಂಜಿಗೆ ಕರೆತಂದವನು ಹಸನಬ್ಬ. ಮನೆಯಲ್ಲಿ ಮಾವ ಅಳಿಯ ಒಂದೆರಡು ಮಾತಿಗಿಂತ ಹೆಚ್ಚು ಆಡಿದವರಲ್ಲ. ಸಮುದ್ರಕ್ಕೆ ಬಂದ ಮೇಲೆ ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಉಬೈದ್ ಬಾಯಿತುಂಬ ಮಾತಾಡುತ್ತಿದ್ದ. ಗಂಡುಮಗನಿಲ್ಲದ ಹಸನಬ್ಬನಿಗೆ ಆ ಒಂದು ಗಂಟೆ ಎಷ್ಟು ಪ್ರೀತಿಯದ್ದೆಂದರೆ, ಅಳಿಯನ ಬಟಾಟೆಯನ್ನು ಕೆಂಡಕ್ಕೆ ಹತ್ತಿರ, ಚೆನ್ನಾಗಿ ಬೇಯುವ ಜಾಗದಲ್ಲೇ ಹೂಳುತ್ತಿದ್ದ. ಉಳಿದವರಿಗೆ ಗೊತ್ತಿತ್ತು, ಗೊತ್ತಿದ್ದೂ ತಮಾಷೆ ಮಾಡಿ ಸುಮ್ಮನಾಗುತ್ತಿದ್ದರು.

ಕಳೆದ ಏಪ್ರಿಲಿನಲ್ಲಿ, ಮಳೆಗಾಲಕ್ಕೆ ಮುಂಚಿನ ಕೊನೆಯ ಎರಡು ಮೂರು ಟ್ರಿಪ್ಪು ಬಾಕಿಯಿದ್ದಾಗ, ಪೆರ್ನಾಳ್ ಹಬ್ಬ ಕಳೆದು ಒಂದು ವಾರವಾಗಿತ್ತಷ್ಟೆ. ರಂಝಾನಿನ ಮೂವತ್ತು ಮುಗಿದ ಮೇಲೆ ಮುಂದಿನ ತಿಂಗಳಲ್ಲಿ ಇನ್ನೂ ಆರು ದಿನ ಉಪವಾಸ, ಇಲ್ಲಿಯ ಮಾತಿನಲ್ಲಿ ನೋಂಬು, ಹಿಡಿಯುವವರುಂಟು. ಕಡ್ಡಾಯವಲ್ಲ, ಹಿಡಿದವರಿಗೆ ಪುಣ್ಯ. ಸಂಜೆ ಬಂದರು ಬಿಟ್ಟ ಮಂಜಿ ಮರುದಿನವಿಡೀ ನೀರಿನ ಮೇಲಿತ್ತು. ಆ ದಿನ ಬೆಳಿಗ್ಗೆಯಿಂದ ಉಬೈದ್ ಚುಕ್ಕಾಣಿಯಲ್ಲಿದ್ದ. ಹನ್ನೊಂದಕ್ಕೆ ಗಂಜಿಗೆ ಕರೆದರೆ ಈಗ ಬೇಡ ಎಂದ. ಒಂದು ಗಂಟೆಗೆ ಪಾಳಿ ಬಿಟ್ಟು, ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿಕೊಂಡು, ನಮಾಝಿಗೆ ಕೈಕಾಲು ತೊಳೆಯಲು ಬಕೆಟ್ ಹಿಡಿದು ಮುಂಬದಿಗೆ ಹೋದ. ಮುಂಬದಿಗೂ ಒಲೆಗೂ ನಡುವೆ ಮೂಟೆಗಳ ಗೋಡೆ. ಮೂಟೆಯ ನೆರಳಲ್ಲಿ ಮಲಗುವುದು ಅವನ ಅಭ್ಯಾಸ. ಊಟಕ್ಕೂ ಬರಲಿಲ್ಲ. ಹುಡುಗ ಆರು ನೋಂಬು ಶುರು ಮಾಡಿದ್ದಾನೆ ಎಂದು ಹಸನಬ್ಬನಿಗೆ ಅನಿಸಿತು, ಮನಸ್ಸು ತುಂಬಿ ಬಂತು. ಬೆಳಿಗ್ಗೆ ಗುರುತು ಹಾಕಿ ಕೊಟ್ಟ ಬಟಾಟೆ ಸಂಜೆ ನೋಂಬು ಬಿಡಲಿಕ್ಕಿರಬೇಕು ಎಂದುಕೊಂಡ. ಯಾರಿಗೂ ಹೇಳದೆ ಹಿಡಿದಿದ್ದಾನಲ್ಲ ಎಂಬ ಹೆಮ್ಮೆ ಬೇರೆ.

ಅಸರಿಗೆ ಏಳು ಜನ ಬಂದು ಏಳು ಬಟಾಟೆ ತೆಗೆದುಕೊಂಡರು. ಎರಡು ಗೀರಿನದು ಬೂದಿಯಲ್ಲೇ ಉಳಿಯಿತು. ಉಬೈದ್ ಎಲ್ಲಿ ಎಂದು ಇಬ್ಬರು ಕೇಳಿದರು.

"ಅವನಿಗೆ ನೋಂಬು. ಮಲಗಿದ್ದಾನೆ, ಎಬ್ಬಿಸಬೇಡಿ" ಎಂದ ಹಸನಬ್ಬ.

ಆಮೇಲೆ ಆ ಬಟಾಟೆಯ ಮೇಲೆ ಇನ್ನಷ್ಟು ಬೂದಿ ಎಳೆದ. ಸೂರ್ಯ ಮುಳುಗಿ ಮಗ್ರಿಬ್ ಆಗುವವರೆಗೆ ಬಿಸಿ ಇರಬೇಕಲ್ಲ, ನೋಂಬು ಬಿಡುವವನಿಗೆ ತಣ್ಣಗಿನದು ಕೊಡಲಿಕ್ಕಾಗುತ್ತದೆಯೇ? ತನ್ನ ಡಬ್ಬದಲ್ಲಿದ್ದ ಖರ್ಜೂರದಲ್ಲಿ ಮೂರು ತೆಗೆದಿಟ್ಟ. ನೀರು ಸೋಸಿಟ್ಟ. ಎರಡೂವರೆ ಗಂಟೆ ಆ ಮನುಷ್ಯ ಒಲೆಯ ಮುಂದೆ ಕೂತು ಅಳಿಯನಿಗೆ ಒಂದು ಬಟಾಟೆಯನ್ನು ಬಿಸಿ ಆರದಂತೆ ಕಾಯ್ದ.

ಮಗ್ರಿಬ್ ಆಯಿತು. ಬಟಾಟೆ, ಖರ್ಜೂರ, ನೀರು ಹಿಡಿದುಕೊಂಡು ಹಸನಬ್ಬ ಮೂಟೆಗಳನ್ನು ದಾಟಿ ಮುಂಬದಿಗೆ ಹೋದ. ಅಲ್ಲಿ ಯಾರೂ ಇರಲಿಲ್ಲ. ನಮಾಝಿನ ಚಾಪೆ ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಬೈರಾಸು ಮೂಟೆಯ ಮೇಲಿತ್ತು. ಬಕೆಟ್ಟಿನ ಹಗ್ಗ ಅಂಚಿನಿಂದ ಹೊರಗೆ ಇಳಿಬಿದ್ದು, ಬಕೆಟ್ ನೀರಿನಲ್ಲಿ ಎಳೆಸಿಕೊಂಡು ಬರುತ್ತಿತ್ತು. ನೀರೆತ್ತಲು ಬಗ್ಗಿದವನು ಮಧ್ಯಾಹ್ನವೇ ಬಿದ್ದಿದ್ದ. ಕೂಗಿಯೂ ಇರಬಹುದು. ಎಂಜಿನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಮಂಜಿ ನಡೆಸುವ ತಂಡೇಲ ಜಯ ಕೂಡಲೇ ಹಡಗು ತಿರುಗಿಸಿದ. ಯಾರು ಕೊನೆಗೆ ನೋಡಿದ್ದು ಎಂದು ಕೇಳಿದಾಗ, ಅಸರಿಗೆ ಮಲಗಿದ್ದನಂತೆ, ಹಸನಾಕ ಹೇಳಿದರು ಎಂದರು ಆ ಇಬ್ಬರು. ಹಸನಬ್ಬ ತಂಡೇಲನ ಹತ್ತಿರ ಹೋಗಿ, ತಾನು ಕಣ್ಣಿನಿಂದ ನೋಡಿಲ್ಲ, ಒಂದು ಗಂಟೆಯ ನಂತರ ಯಾರೂ ನೋಡಿಲ್ಲ, ನೋಂಬೆಂದು ತಿಳಿದು ಬೂದಿಯಲ್ಲಿ ಬಟಾಟೆ ಕಾಯುತ್ತ ಕೂತೆ ಎಂದು ಬಾಯಿಬಿಟ್ಟ. ಜಯ ಬೈಯಲಿಲ್ಲ. ಬಂದ ದಾರಿಯನ್ನೆಲ್ಲ ಹಿಂದಕ್ಕೆ ಹೋಗಿ ಎರಡು ದಿನ ಹುಡುಕಿದರು. ಕರಾವಳಿ ಕಾವಲು ಪಡೆಯ ಹಡಗೂ ಬಂದು ಹುಡುಕಿತು. ಸಿಗಲಿಲ್ಲ.

ಬಂದರಿಗೆ ವಾಪಸಾಗುವಾಗ ಜಯ ಹೇಳಿದ, "ಹಸನಾಕ, ನೀವು ಬೂದಿಯ ವಿಷಯ ಮನೆಯಲ್ಲಿ ಎತ್ತಬೇಡಿ. ಹೇಳಿ ಎಂತ ಆಗ್ಲಿಕ್ಕುಂಟು? ಮಗಳಿಗೆ ನಾನು ಹೇಳ್ತೇನೆ."

ಕಾವೂರಿನಲ್ಲಿದ್ದ ಹಸನಬ್ಬನ ಮನೆಗೆ ಬಂದು ಜಯ ಹಾಗೆಯೇ ಹೇಳಿದ: ಬಿದ್ದ ಅರ್ಧ ಗಂಟೆಯೊಳಗೆ ಗೊತ್ತಾಯಿತು, ತಕ್ಷಣ ತಿರುಗಿಸಿದೆವು, ದೇವರು ಕೊಡಲಿಲ್ಲ. ಅದು ಕರುಣೆಯಿಂದ ಆಡಿದ ಸುಳ್ಳು. ಆ ಸುಳ್ಳಿನ ಮೇಲೆ ನಾಝಿಮಾ ಮನೆ ಕಟ್ಟುತ್ತಾಳೆಂದು ಪಾಪ ಅವನಿಗೇನು ಗೊತ್ತು? ಉಬೈದ್ ನದಿ ದಡದಲ್ಲಿ ಬೆಳೆದ ಈಜುಗಾರ. ಅರ್ಧ ಗಂಟೆಯಲ್ಲಿ ಮುಳುಗುವವನಲ್ಲ. ಅಷ್ಟು ಬೇಗ ಹುಡುಕಿಯೂ ಸಿಗಲಿಲ್ಲವೆಂದರೆ ಬೇರೆ ಯಾವುದೋ ಹಡಗಿನವರು ಎತ್ತಿಕೊಂಡಿದ್ದಾರೆ; ಇವತ್ತಲ್ಲ ನಾಳೆ ಅವನು ಬರುತ್ತಾನೆ. ಹೀಗೆ ಅವಳ ಲೆಕ್ಕ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಬಿಳಿ ಬಟ್ಟೆಯುಟ್ಟು ಮನೆಯೊಳಗೆ ಕೂರಬೇಕು, ಇದ್ದತ್ ಎನ್ನುತ್ತಾರೆ. ನೆಂಟರು ಆ ಮಾತು ತೆಗೆದಾಗ ನಾಝಿಮಾ ಬಾಗಿಲು ತೋರಿಸಿದಳು. ಬದುಕಿರುವವನಿಗೆ ಎಂಥ ಇದ್ದತ್?

ಪ್ರತಿ ಶುಕ್ರವಾರ ಬಸ್ಸು ಹಿಡಿದು ಬಂದರಿನ ದಕ್ಕೆಗೆ ಹೋಗುತ್ತಿದ್ದಳು. ಗೋವಾ, ರತ್ನಗಿರಿ, ಗುಜರಾತಿನ ಬೋಟುಗಳು ಬಂದರೆ ಬುರ್ಖಾದ ತುದಿ ಮೀನಿನ ನೀರಿಗೆ ತಾಗದ ಹಾಗೆ ಎತ್ತಿ ಹಿಡಿದು, ಗುರುತಿಲ್ಲದ ಗಂಡಸರ ಮುಂದೆ ಗಂಡನ ಫೋಟೊ ಹಿಡಿಯುತ್ತಿದ್ದಳು. ಆಡಿಕೊಳ್ಳುವವರು ಆಡಿಕೊಂಡರು. ಅವಳಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಹಸನಬ್ಬ ಮತ್ತೆ ಮಂಜಿ ಹತ್ತಲಿಲ್ಲ. ಹೆಂಡತಿ ರಮ್ಲಾ ತೀರಿಹೋಗಿ ಎಂಟು ವರ್ಷ. ಮನೆಯಲ್ಲಿದ್ದದ್ದು ಅಪ್ಪ ಮಗಳು ಇಬ್ಬರೇ. ಅವಳು ದಕ್ಕೆಯಿಂದ ಬರಿಗೈಯಲ್ಲಿ ಬರುವ ಪ್ರತಿ ಶುಕ್ರವಾರವೂ ಹೇಳಿಬಿಡಬೇಕೆಂದು ಅವನ ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದರೆ ಅವಳ ಆಸೆ ಹೋಗುತ್ತದೆ, ಹೇಳದಿದ್ದರೆ ಅವಳ ಆಯುಷ್ಯ ಹೋಗುತ್ತದೆ. ಇದರಲ್ಲಿ ಯಾವುದು ಸಣ್ಣದೆಂದು ಅವನಿಗೆ ಏಳು ತಿಂಗಳಾದರೂ ತಿಳಿಯಲಿಲ್ಲ. ಮಗಳ ಕೋಪಕ್ಕೂ ಅವನು ಹೆದರುತ್ತಿದ್ದ. ಅದನ್ನು ಮುಚ್ಚಿಟ್ಟು ಕತೆ ಹೇಳುವುದು ಬೇಡ.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ನಾಝಿಮಾ ಓಡೋಡಿ ಬಂದಳು. ಏಳು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಕಳೆ. ಗುಜರಾತಿನ ಬೋಟಿನವನೊಬ್ಬ ಫೋಟೊ ನೋಡಿ, ವೆರಾವಲ್ ಬಂದರಿನಲ್ಲಿ ಇಂಥವನೊಬ್ಬ ಇದ್ದಾನೆ, ಮಾತು ಸರಿಯಿಲ್ಲ, ಎಲ್ಲಿಂದ ಬಂದನೋ ಗೊತ್ತಿಲ್ಲ ಎಂದನಂತೆ. ನಾಳೆ ಬೆಳಿಗ್ಗೆಯ ರೈಲಿಗೆ ಇಬ್ಬರೂ ಹೊರಡುವುದು ಎಂದಳು. ಹೇಳುತ್ತಲೇ ಕಪಾಟು ತೆಗೆದು, ಉಬೈದನ ಎರಡು ಅಂಗಿ, ಒಂದು ಪ್ಯಾಂಟು ಚೀಲಕ್ಕೆ ಹಾಕತೊಡಗಿದಳು. ಅಲ್ಲಿ ಅವರಿಗೆ ಹಾಕಿಕೊಳ್ಳಲು ಬಟ್ಟೆಯಿದೆಯೋ ಇಲ್ಲವೋ ಎಂದಳು.

ಆ ಅಂಗಿ ಮಡಚುವುದನ್ನು ಹಸನಬ್ಬ ನೋಡಿದ. ಇನ್ನು ತಡೆದುಕೊಳ್ಳಲು ಅವನಿಂದಾಗಲಿಲ್ಲ.

"ಮಗಳೇ, ಅರ್ಧ ಗಂಟೆ ಅಲ್ಲ" ಎಂದ.

ಅವಳಿಗೆ ಅರ್ಥವಾಗಲಿಲ್ಲ. ಹಸನಬ್ಬ ನೆಲದ ಮೇಲೆ ಕೂತುಬಿಟ್ಟು, ಮೊದಲಿನಿಂದ ಹೇಳಿದ. ಗಂಜಿ ಬೇಡವೆಂದದ್ದು, ಬಕೆಟ್ ಹಿಡಿದು ಹೋದದ್ದು, ಏಳು ಬಟಾಟೆ ಹೋಗಿ ಒಂದು ಉಳಿದದ್ದು, ನೋಂಬೆಂದು ತಾನೇ ತೀರ್ಮಾನ ಮಾಡಿದ್ದು, ಎಬ್ಬಿಸಬೇಡಿ ಎಂದದ್ದು, ಬೂದಿ ಎಳೆದದ್ದು. ಅವನು ನೀರಿನಲ್ಲಿದ್ದದ್ದು ಅರ್ಧ ಗಂಟೆಯಲ್ಲ, ಆರು ಗಂಟೆ ಹತ್ತಿರ ಹತ್ತಿರ. ಯಾವ ಈಜುಗಾರನಿಗೂ ಸಾಗುವಷ್ಟಲ್ಲ. ಅಸರಿಗೇ ಒಂದು ಸಲ ಎದ್ದು ಹೋಗಿ ನೋಡಿದ್ದರೆ ಏನಾಗುತ್ತಿತ್ತೋ, ನೋಡಲಿಲ್ಲ.

ನಾಝಿಮಾ ಕೈಯಲ್ಲಿದ್ದ ಅಂಗಿಯನ್ನು ಬಿಡದೆ ನಿಂತೇ ಇದ್ದಳು.

"ಅವರಿಗೆ ನೋಂಬು ಇರಲಿಲ್ಲ ಉಪ್ಪ" ಎಂದಳು. "ಆರು ನೋಂಬು ಊರಿಗೆ ಬಂದ ಮೇಲೆ ಒಟ್ಟಿಗೆ ಹಿಡಿಯುವ ಅಂತ ನನ್ನ ಹತ್ತಿರ ಹೇಳಿ ಹೋಗಿದ್ರು."

ಹಸನಬ್ಬನಿಗೆ ಇದೊಂದು ಗೊತ್ತಿರಲಿಲ್ಲ. ಇಷ್ಟು ದಿನ, ಹುಡುಗ ನೋಂಬಿನಲ್ಲೇ ಹೋದ, ದೇವರು ಅದನ್ನಾದರೂ ಲೆಕ್ಕಕ್ಕೆ ಹಿಡಿಯುತ್ತಾನೆ ಎಂದು ಒಂದು ಸಮಾಧಾನವಿತ್ತು. ಅದೂ ಹೋಯಿತು. ಕೇಳುವುದಕ್ಕೆ ಮಗಳು ಮನೆಯಲ್ಲೇ ಇದ್ದಳು, ಅವನು ಕೇಳಿರಲಿಲ್ಲ.

ಆಮೇಲೆ ಅವಳೇ ಕೇಳಿದಳು.

"ಆ ಬಟಾಟೆ ಎಂತ ಮಾಡಿದ್ರಿ?"

ಇದನ್ನು ಅವನು ಜಯನಿಗೂ ಹೇಳಿರಲಿಲ್ಲ.

"ಅಂಗಿಯ ಕಿಸೆಯಲ್ಲಿ ಹಾಕಿದ್ದೆ. ಮರುದಿನ ಬೆಳಿಗ್ಗೆ ತಿಂದೆ" ಎಂದ. "ಅವನು ಇನ್ನು ಇಲ್ಲ ಅಂತ ಗೊತ್ತಿದ್ದೂ ಹಸಿವಾಯಿತು ಮಗಳೇ. ಅವನದ್ದು ಅಂತ ಗೊತ್ತಿದ್ದೂ ತಿಂದೆ."

ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ನಾಝಿಮಾ ಬೈಯಲಿಲ್ಲ. ಕೈಯಲ್ಲಿದ್ದ ಅಂಗಿಯನ್ನು ಕಪಾಟಿನಲ್ಲಿಟ್ಟಳು. ಚೀಲದಲ್ಲಿದ್ದ ಇನ್ನೊಂದು ಅಂಗಿ, ಪ್ಯಾಂಟನ್ನು ತೆಗೆದು ಅದರ ಮೇಲಿಟ್ಟಳು. ಆಮೇಲೆ ಗೋಡೆಯ ಕಡೆಗೆ ಮುಖ ಮಾಡಿಯೇ, "ಮಸೀದಿಯ ಉಸ್ತಾದರಿಗೆ ಹೇಳಿ ಬನ್ನಿ. ಇವತ್ತಿನಿಂದ ನಾನು ಇದ್ದತಿಗೆ ಕೂರ್ತೇನೆ" ಎಂದಳು.

ಹಸನಬ್ಬ ಎದ್ದು ಚಪ್ಪಲಿ ಮೆಟ್ಟಿಕೊಂಡ. ಮಸೀದಿ ದೂರವೇನಲ್ಲ, ರಸ್ತೆ ದಾಟಿದರೆ ಸಿಗುತ್ತದೆ. ಉಸ್ತಾದರು ಜಗಲಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದವರು, ಇವನ ಮುಖ ಕಂಡು ಎದ್ದು ಬಂದು, ಎಂತ ಆಯಿತು, ಯಾರಿಗೆ ಎಂದು ಕೇಳಿದರು. ಏಳು ತಿಂಗಳಿನಿಂದ ಹುಡುಕುತ್ತಿದ್ದಾರೆ, ಸುದ್ದಿಯಿಲ್ಲ, ಕಾಣೆಯಾಗಿದ್ದಾನೆ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದ ಮನುಷ್ಯ ಬಾಯಿ ತೆರೆದ.

"ನನ್ನ ಅಳಿಯ ತೀರಿಕೊಂಡ" ಎಂದ ಹಸನಬ್ಬ.