ಎಲ್ಲಕ್ಕೂ ‘ದಾಸ್’ ಅಂದವಳು

ಭಾಗ್ಯ, ಜರ್ಮನ್ ಪರೀಕ್ಷೆಯಲ್ಲಿ ನೀನು ಫೇಲಾದದ್ದು ನಿನ್ನಿಂದಲ್ಲ, ನನ್ನಿಂದ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಮಧುಗಿರಿಯ ಬಸ್ ಸ್ಟ್ಯಾಂಡ್ ಹಿಂದಿನ ಮಹಡಿ ಕೋಣೆಯಲ್ಲಿ, ಜರ್ಮನಿಗೆ ಹೋಗಲಿದ್ದ ನರ್ಸುಗಳಿಗೆ ನಾನು ಪಾಠ ಹೇಳುತ್ತಿದ್ದೆ. ಆ ಭಾಷೆಯಲ್ಲಿ ಪ್ರತಿ ನಾಮಪದದ ಮುಂದೆಯೂ ಅದರ ಲಿಂಗಕ್ಕೆ ತಕ್ಕಂತೆ ಡೆರ್, ಡೀ, ದಾಸ್ — ಮೂರರಲ್ಲೊಂದು ಬರಬೇಕು. ಮೇಜು ಗಂಡು, ದೀಪ ಹೆಣ್ಣು! ನನಗೇ ಅದು ನೆಟ್ಟಗೆ ಬರುತ್ತಿರಲಿಲ್ಲ. ಹಾಗಂತ ಒಪ್ಪಿಕೊಳ್ಳುವವಳೇ ನಾನು? “ಗಂಡಸಾದ್ರೆ ಡೆರ್, ಹೆಂಗಸಾದ್ರೆ ಡೀ. ಮಿಕ್ಕಿದ್ದೆಲ್ಲ ನಮ್ಮಲ್ಲಿ ‘ಅದು’ ತಾನೆ? ದಾಸ್ ಅನ್ನಿ, ಮುಗೀತು!” ಎಂದುಬಿಟ್ಟೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೋ — ಅಬ್ಬಾ, ಏನು ಹೆಮ್ಮೆ!

ಮಿಡಿಗೇಶಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನೀನೊಬ್ಬಳೇ ಎದ್ದು ನಿಂತೆ. “ಪುಸ್ತಕ್ದಲ್ಲಿ ಬ್ಯಾರೆ ತರ ಐತಲ್ಲ ಮೇಡಂ? ಮೇಜಿಗೆ ಡೆರ್ ಅಂದವ್ರೆ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ನೋಡಿ ಹೇಳ್ತೀನಿ’ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಕ್ಕು ಅಂದೆ: “ಗುರುವಿಗೇ ತಿರುಮಂತ್ರ ಹಾಕ್ತೀಯೇನಮ್ಮ? ಕೂತ್ಕ. ನಿನ್ ತಲೆಗೆ ಭಾಷೆ ಹತ್ತಾಕಿಲ್ಲ, ಬುಡು.” ಕೋಣೆಯೆಲ್ಲ ನಗು.

ಉಳಿದವರು ಫೋನು ನೋಡಿ ತಿದ್ದಿಕೊಂಡರು, ಪಾಸಾದರು, ವಿಮಾನ ಹತ್ತಿದರು. ನೀನು ಮಾತ್ರ ಆ ನಗುವಿನ ನಂತರ ಪುಸ್ತಕವನ್ನೂ ನಂಬದೆ, ಮೇಡಂ ಹೇಳಿದ್ದೇ ಸರಿಯೆಂದು ಪರೀಕ್ಷೆಯಲ್ಲೂ ಹಾಗೇ ಬರೆದೆ. ಆಮೇಲೆ ನಿನ್ನಮ್ಮ ಬಂದಿದ್ದರು — ನಿನಗೆ ಗೊತ್ತೋ ಇಲ್ಲವೋ. “ನಮ್ಮುಡ್ಗಿ ತಾನು ದಡ್ಡಿ ಅಂತ ಅಳ್ತಾಳೆ. ಔದಾ ಮೇಡಂ?” ಎಂದು ಕೇಳಿದರು. ನಾನು — ಹೌದೆಂದು ತಲೆಯಾಡಿಸಿದೆ.

ನೀನೀಗ ಶಿರಾದ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೀಯಂತೆ. ಜರ್ಮನ್ ಪುಸ್ತಕ ಮತ್ತೆ ಮುಟ್ಟಲಿಲ್ಲವಂತೆ.

ನಾನು ಕಲಿತೆ, ಭಾಗ್ಯ. ಮೊದಲಿನಿಂದ, ಹಟ ಹಿಡಿದು. ಮೇಜು ಯಾಕೆ ಗಂಡು ಎಂದು ಕೇಳುತ್ತ ಕೂರಬಾರದು. ನಮ್ಮ ಹೆಸರಿನ ಜೊತೆ ಇನಿಷಿಯಲ್ ಇದ್ದಂತೆ, ಪದವನ್ನೂ ಅದರ ಮುಂದಿನ ಡೆರ್, ಡೀ, ದಾಸ್‌ಗಳನ್ನೂ ಒಟ್ಟಿಗೇ ಬಾಯಿಗೆ ಹತ್ತಿಸಿಕೊಳ್ಳಬೇಕು. ಇವತ್ತು ಯಾವ ಪದ ಬೇಕಾದರೂ ಕೇಳು, ತಡವರಿಸುವುದಿಲ್ಲ. ನಿನಗೂ ಕಲಿಸಬಲ್ಲೆ — ನಿನಗೆ ಮನಸ್ಸಿದ್ದರೆ.

ಆದರೆ ನಾಲ್ಕು ಜನರ ಮುಂದೆ ತೆಗೆದ ಮಾನವನ್ನು ನಾಲ್ಕು ಜನರ ಮುಂದೆಯೇ ಕೊಡಬೇಕು. ಇವತ್ತು ಬೆಳಿಗ್ಗೆ ಅದೇ ಕೋಣೆಯಲ್ಲಿ, ಹೊಸ ಹುಡುಗಿಯರ ಮುಂದೆ, ನಡೆದದ್ದೆಲ್ಲ ಹೇಳಿದೆ. ಒಬ್ಬರೂ ನಗಲಿಲ್ಲ. ಈ ಭಾನುವಾರ ಮಿಡಿಗೇಶಿಗೆ ಬರುತ್ತೇನೆ. ಒಳಗೆ ಕರೆಯದಿದ್ದರೆ ಹೊಸ್ತಿಲಾಚೆ ನಿಂತೇ ನಿನ್ನಮ್ಮನಿಗೆ ಹೇಳುತ್ತೇನೆ: “ನಿಮ್ಮುಡ್ಗಿ ಕೇಳಿದ್ದೇ ಸರಿ ಕಣಮ್ಮ. ಗೊತ್ತಿಲ್ದೋಳು ನಾನು.”