ಗುರುವಾಯನಕೆರೆಯಲ್ಲಿ ಇಳಿದುಹೋದ ಇಪ್ಪತ್ಮೂರನೆಯ ಪುಸ್ತಕ

ನವೆಂಬರ್ 9, ಆದಿತ್ಯವಾರ. ಈ ಪತ್ರಿಕೆಗೆ ಬರೆಯಲು ಕುಳಿತಾಗ ಬೆಳಿಗ್ಗೆ 6.50.

ಮೂರು ವರ್ಷಗಳಿಂದ ನನಗೊಂದು ಅಭ್ಯಾಸ. ಓದಿ ಮುಗಿಸಿದ ಐತಿಹಾಸಿಕ ಕಾದಂಬರಿಯನ್ನು ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಗೆ ಕೊಟ್ಟುಬಿಡುವುದು. ಮುಖಪುಟದ ಕತ್ತಿ, ಕಿರೀಟ ನೋಡಿ ಯಾರೂ ಬೇಡ ಎನ್ನಬಾರದೆಂದು ಎಲ್ಲಕ್ಕೂ ಶಾಲೆಯ ಪುಸ್ತಕದಂತೆ ಕಂದು ಕಾಗದದ ಬೈಂಡ್ ಹಾಕುತ್ತೇನೆ, ಮೇಲೊಂದು ಸಂಖ್ಯೆ ಬರೆಯುತ್ತೇನೆ. ನೋಟ್‌ಬುಕ್ಕಿನಲ್ಲಿ ತಾರೀಕು, ಬಸ್ಸಿನ ಸಮಯ, ಸೀಟು. ಹೆಸರು ಮಾತ್ರ ಕೇಳುವುದಿಲ್ಲ. ಕೇಳಿದರೆ ಪುಸ್ತಕ ವಾಪಸ್ ಬೇಕೇನೋ ಎಂದು ಅವರಿಗೆ ಅನಿಸಬಾರದಲ್ಲ.

ಇದುವರೆಗೆ ಹೋದದ್ದು ಇಪ್ಪತ್ತಾರು. ಅದರಲ್ಲಿ ಇಪ್ಪತ್ಮೂರನೆಯದು ನನ್ನದಲ್ಲ.

ಮೂಡುಬಿದಿರೆಯ ಬಸದಿಯೊಂದರಲ್ಲಿ ಪೂಜೆ ಮಾಡುವ ವಯಸ್ಸಾದ ಇಂದ್ರರು ಅದನ್ನು ಓದಲು ಕೊಟ್ಟಿದ್ದರು. ಕರಾವಳಿಯ ಜೈನ ಅರಸು ಮನೆತನದ ಕತೆ. ಲೇಖಕರು ತಪ್ಪಿದಲ್ಲೆಲ್ಲ ಇಂದ್ರರ ಪೆನ್ಸಿಲ್ ಅಂಚಿನಲ್ಲಿ ತಿದ್ದಿತ್ತು: ‘ಇಲ್ಲಿ ಆಗ ದೋಣಿ ಮಾತ್ರ’, ‘ಈ ಹೊತ್ತಿನಲ್ಲಿ ನಮ್ಮವರು ಉಣ್ಣುವುದಿಲ್ಲ’, ‘ನನ್ನ ಅಜ್ಜಿ ಹೇಳಿದ್ದು ಬೇರೆ’. ಹಾಳೆ ಹರಿಯಬಾರದೆಂದು ಅದಕ್ಕೂ ಬೈಂಡ್ ಹಾಕಿದೆ. ಕೈ ರೂಢಿಯಂತೆ ಸಂಖ್ಯೆಯನ್ನೂ ಬರೆಯಿತು.

ಆಗಸ್ಟ್ 22, ಶುಕ್ರವಾರ. ಬಂಟ್ವಾಳದಿಂದ ಬೆಳ್ತಂಗಡಿಗೆ 8.15ರ ಬಸ್ಸು, ಬಲಗಡೆ ನಾಲ್ಕನೆಯ ಸೀಟು. ಚೀಲದಲ್ಲಿ ಎರಡು ಪುಸ್ತಕ. ಪಕ್ಕದ ಹೆಂಗಸು ಗುರುವಾಯನಕೆರೆಯಲ್ಲಿ ಇಳಿಯಲು ಎದ್ದಾಗ ಗಡಿಬಿಡಿಯಲ್ಲಿ ಒಂದನ್ನು ಅವರ ಕೈಗಿಟ್ಟೆ.

“ಇದು ನನಗೆ ಯಾಕೆ?”

“ಸುಮ್ಮನೆ ಅಕ್ಕ. ಓದಿ ಬೇರೆಯವರಿಗೆ ಕೊಡಿ.”

ಮನೆಯಲ್ಲಿ ಚೀಲ ತೆರೆದರೆ ಉಳಿದದ್ದು ಕೊಡಬೇಕಿದ್ದ ಇಪ್ಪತ್ನಾಲ್ಕನೆಯದು; ಹೋದದ್ದು ಇಂದ್ರರದು.

ಹೇಳಲು ಧೈರ್ಯ ಬರುವುದಕ್ಕೆ ಹನ್ನೊಂದು ದಿನ ಹಿಡಿಯಿತು.

“ಯಾರಿಗೆ ಕೊಟ್ಟದ್ದು?” ಎಂದರು ಇಂದ್ರರು.

“ಗೊತ್ತಿಲ್ಲ ಇಂದ್ರರೇ. ಬಸ್ಸಿನ ಸಮಯ ಉಂಟು, ಸೀಟು ಉಂಟು.”

“ಹಾಗಾದರೆ ಆ ಸೀಟಿನ ಹತ್ತಿರವೇ ಕೇಳುವ ಮಾರಾಯ್ತಿ!” ಎಂದು ನಕ್ಕರು. ಸ್ವಲ್ಪ ಹೊತ್ತಿಗೆ ಒಂದು ಕಾಗದ ತಂದು ನನ್ನ ಮುಂದಿಟ್ಟರು. “ಅಜ್ಜಿ ಹೇಳಿದ್ದು ಇನ್ನೆಲ್ಲಿಯೂ ಬರೆದಿಟ್ಟಿಲ್ಲ. ಈಗ ನನಗೆ ನೆನಪು ನಿಲ್ಲುವುದಿಲ್ಲ. ನೀನು ಓದಿದ್ದೀಯಲ್ಲ, ಹೇಳು, ಬರೆಯುವ.”

ನನಗೆ ನೆನಪಾದದ್ದು ನಾಲ್ಕು ಸಾಲು. ಉಳಿದ ಪೆನ್ಸಿಲ್ ಅಕ್ಷರಗಳನ್ನು, ಮುಂದೇನಾಯಿತು ಎಂಬ ಆತುರದಲ್ಲಿ, ನಾನು ಓದಿಯೇ ಇರಲಿಲ್ಲ.

ಅಂದು ಇಳಿದ ಅಕ್ಕ, ಅಥವಾ ಅವರಿಂದ ಆ ಪುಸ್ತಕ ಪಡೆದವರು, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಪುಸ್ತಕ ನಿಮ್ಮಲ್ಲೇ ಇರಲಿ. ಅಂಚಿನ ಸಾಲುಗಳನ್ನು ಪುಟಸಂಖ್ಯೆಯೊಂದಿಗೆ ನಕಲು ಮಾಡಿ ಕಳುಹಿಸಿದರೆ ಸಾಕು. ಇಂದ್ರರು ಇರುವಾಗಲೇ ಅವರಿಗೆ ಓದಿ ಹೇಳಬೇಕು.