ಉದ್ದನೆಯ ಕಾರನ್ನು ಅಟ್ಟಕ್ಕೇರಿಸಿದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಹಿಂಬದಿಯ ಯಾರ್ಡಿನಲ್ಲಿ ಸಾಲಾಗಿ ನಿಂತ ಪುಟ್ಟ ಕಾರುಗಳ ಮೇಲೆಲ್ಲ ಇಬ್ಬನಿ. ಮಹಿಳೆಯೊಬ್ಬರು ಒಂದು ಕಾರಿನ ಗಾಜು ಒರೆಸಿ, ಒಳಗೆ ಕೂತು, ಸೀಟನ್ನು ಮುಂದಕ್ಕೆಳೆದುಕೊಂಡು, ಎರಡಂತಸ್ತಿನ ಟ್ರೈಲರಿನ ಹಿಂದೆ ತಂದು ನಿಲ್ಲಿಸುತ್ತಾರೆ. ಎದುರಿಗೆ ಎರಡು ಕಬ್ಬಿಣದ ಪಟ್ಟಿಗಳು, ಟೈರಿಗಿಂತ ತುಸುವೇ ಅಗಲ. ಹತ್ತುವಾಗ ಮುಂದಿನ ಗಾಜಿನಲ್ಲಿ ಕಾಣುವುದು ಆಕಾಶ ಮಾತ್ರ. ಗುರ್ರೆನ್ನುತ್ತ ಏರಿದ ಕಾರು ಮೇಲೆ ಸಮಗೊಂಡು, ಅಲ್ಲಿ ಮೊದಲೇ ನಿಂತಿರುವ ಕಾರಿಗೆ ಇನ್ನೊಂದು ಮೊಳ ಇದೆ ಎನ್ನುವಾಗ ನಿಲ್ಲುತ್ತದೆ. ಬದಿಯ ಕಂಬಿಗಳಿಂದಾಗಿ ಬಾಗಿಲು ಪೂರ್ತಿ ತೆರೆಯಲು ಜಾಗವಿಲ್ಲ. ಅವರು ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಸಂದಿಯಲ್ಲಿ ಜಾರಿ ಹೊರಬರುತ್ತಾರೆ.

"ಇವತ್ತು ಉಸಿರು ಸ್ವಲ್ಪ ಜಾಸ್ತಿನೇ ಎಳೀಬೇಕಾಯ್ತಲ್ಲ?" ಕೆಳಗೆ ನಿಂತ ಟ್ರೈಲರ್ ಡ್ರೈವರ್ ಕೆಣಕುತ್ತಾರೆ. ಅವರು ಈಕೆಯ ಅಕ್ಕನ ಗಂಡ.

"ನೀವೊಂದ್ಸಲ ಇದರಿಂದ ಇಳಿದು ತೋರ್ಸಿ ಭಾವ. ನಿಮ್ಮನ್ನ ಹೊರಗೆ ತೆಗೆಯೋಕೆ ಬಾಗಿಲನ್ನೇ ಬಿಚ್ಚಬೇಕಾಗುತ್ತೆ."

ಯಾರ್ಡಿನಲ್ಲಿ ಇವರ ಹೆಸರು 'ಅಟ್ಟದಕ್ಕ'. ಟ್ರೈಲರಿನ ಮೇಲಂತಸ್ತನ್ನು ಇಲ್ಲಿ ಅಟ್ಟ ಎನ್ನುತ್ತಾರೆ. ಕೆಳಗಿನದನ್ನು ಯಾರು ಬೇಕಾದರೂ ತುಂಬಬಹುದು, ಅಟ್ಟ ಮಾತ್ರ ಇವರದು. ಹೊಸ ಕಾರು ಕೊಂಡವರು ಅದನ್ನು ಮೊದಲು ಓಡಿಸಿದ್ದು ತಾವೇ ಎಂದುಕೊಳ್ಳುತ್ತಾರೆ. ಅವರಿಗಿಂತ ಮೊದಲು ಈಕೆ ಆ ಸೀಟಿನಲ್ಲಿ ಕೂತು ಎದ್ದಿರುತ್ತಾರೆ. ಆ ಗುರುತು ಉಳಿಯದಂತೆ ನೋಡಿಕೊಳ್ಳುವುದೂ ಕೆಲಸವೇ. ಕೈಯಲ್ಲಿ ಉಂಗುರವಿಲ್ಲ, ವಾಚಿಲ್ಲ, ಸೊಂಟದಲ್ಲಿ ಬೆಲ್ಟಿಲ್ಲ. ಅಂಗಿಗೆ ಗುಂಡಿಯೂ ಇಲ್ಲ.

"ಗುಂಡಿ ತಾಗಿದ್ರೂ ಬಣ್ಣಕ್ಕೆ ಗೀರು ಬೀಳುತ್ತೆ. ಅದಕ್ಕೇ ಒಳಗಡೆ ಅಂಟುಪಟ್ಟಿ ಹಾಕಿಸ್ಕೊಂಡಿದೀನಿ. ಹೊಲಿದಿದ್ದು ನಮ್ಮನೆಯವರೇ. ಟೈಲರ್ ಗಂಡ ಸಿಕ್ಕಿದ್ದಕ್ಕೆ ಇಷ್ಟಾದ್ರೂ ಲಾಭ ಬೇಡ್ವಾ?"

ಇಲ್ಲಿಗೆ ಬಂದಿದ್ದು ಕಾರುಗಳ ಧೂಳು ಒರೆಸುವ ಕೆಲಸಕ್ಕೆ. ಒರೆಸುತ್ತ ಒರೆಸುತ್ತ ಒಳಗಿನದೆಲ್ಲ ಕಣ್ಣಿಗೆ ಪಾಠವಾಯಿತು. ರಜೆಯ ದಿನಗಳಲ್ಲಿ ಖಾಲಿ ಯಾರ್ಡಿನಲ್ಲಿ ಓಡಿಸಲು ಕಲಿಸಿದವರು ಭಾವ. "ಮೊದಲನೇ ದಿನ ಎಷ್ಟು ಬೈದ್ರು ಅಂದ್ರೆ, ಕಾರು ಹೊರಡ್ಲಿಲ್ಲ, ನಾನು ಹೊರಟೆ, ಮನೆಗೆ" ಎಂದು ನಗುತ್ತಾರೆ. ಈಗ ದಿನಕ್ಕೆ ಐದಾರು ಟ್ರೈಲರ್ ತುಂಬುತ್ತಾರೆ, ಒಂದೊಂದರ ಅಟ್ಟಕ್ಕೆ ನಾಲ್ಕು ಪುಟ್ಟ ಕಾರು. ಬೇಸಿಗೆಯಲ್ಲಿ ಸ್ಟೇರಿಂಗ್ ಕಾದ ಹೆಂಚು. ಮಳೆಯಲ್ಲಿ ಕಬ್ಬಿಣದ ಹಾಸಿನ ಮೇಲೆ ಕಾಲೇ ನಿಲ್ಲುವುದಿಲ್ಲ. ಕ್ಲಚ್ ಒತ್ತಿ ಒತ್ತಿ ಎಡಮಂಡಿಗೆ ನೋವು ಕಾಯಂ ಆಗಿದೆ. ಅದರ ಬಗ್ಗೆ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಈ ಕಂಪನಿ ಬಹಳ ವರ್ಷ ಒಂದೇ ಒಂದು ಪುಟ್ಟ ಕಾರನ್ನು ಮಾಡಿಕೊಂಡು ಬಂದದ್ದು. ಕಳೆದ ವರ್ಷ ಉದ್ದನೆಯದೊಂದನ್ನು ತರುವ ಮಾತು ಎದ್ದಿತು. ಮೇಲಿನವರಲ್ಲೇ ಎರಡು ಪಂಗಡ. ಜನ ಕೇಳುತ್ತಿದ್ದಾರೆ, ಮಾಡೋಣ ಎಂದರು ಕೆಲವರು. ಇರುವ ಹೆಸರನ್ನು ಕೆಡಿಸಿಕೊಳ್ಳುವುದು ಬೇಡ ಎಂದರು ಉಳಿದವರು. ಯಾರ್ಡಿನವರ ಚಿಂತೆಯೇ ಬೇರೆ. ಉದ್ದನೆಯ ಕಾರು ಮೂರಾದರೂ ಅಟ್ಟದಲ್ಲಿ ಹಿಡಿಯದಿದ್ದರೆ, ದೊಡ್ಡ ಟ್ರೈಲರುಗಳಿರುವ ಬೇರೆ ಗುತ್ತಿಗೆದಾರರು ಬರುತ್ತಾರೆ. ಅವರು ತಮ್ಮ ಆಳುಗಳನ್ನೇ ಕರೆತರುತ್ತಾರೆ.

"ಎಲ್ರೂ ಆ ಕಾರಿಗೆ ಹಿಡಿಶಾಪ ಹಾಕ್ತಿದ್ರು. ನನಗೆ ಹಾಗನ್ನಿಸ್ಲಿಲ್ಲ. ಭಾವನ ಹತ್ರ ನಮ್ಮ ಪುಟ್ಟ ಕಾರೇ ಇತ್ತು. ಮಕ್ಕಳು ಬೆಳೆದ್ರು, ಮೊಣಕಾಲು ಗಲ್ಲಕ್ಕೆ ತಾಗಿಸ್ಕೊಂಡು ಕೂರೋ ಹಾಗಾಯ್ತು. ಇಲ್ಲೇ ಕೆಲಸ ಮಾಡೋ ಮನುಷ್ಯ ಬೇರೆ ಕಂಪನಿ ಕಾರು ತಂದ್ರು. ಮಕ್ಕಳ ಕಾಲು ಉದ್ದ ಆಗೋದನ್ನ ಕಂಪನಿ ತಡೆಯೋಕಾಗುತ್ತಾ?"

ಕಡೆಗೂ ಉದ್ದನೆಯ ಕಾರು ತಯಾರಾಯಿತು. ಅಟ್ಟದಲ್ಲಿ ಮೂರು ಹಿಡಿಯುತ್ತವೆಯೇ ಎಂದು ನೋಡುವ ಪರೀಕ್ಷೆಯ ದಿನ ಆಫೀಸಿನಿಂದ ಅಧಿಕಾರಿಗಳು ಬಂದು ನಿಂತರು. ಅಟ್ಟದಕ್ಕ ಮೂರು ಉದ್ದನೆಯ ಕಾರುಗಳನ್ನು ಒಂದಾದ ಮೇಲೊಂದು ಹತ್ತಿಸಿದರು. ಮೂರನೆಯದರ ಬಾಲ ಅಟ್ಟದ ಅಂಚು ದಾಟಿ ಹೊರಗೆ ಚಾಚಿತು. ಹತ್ತುವ ಪಟ್ಟಿಗಳನ್ನು ಮೇಲಕ್ಕೆ ಮಡಚಲು ಆಗಲೇ ಇಲ್ಲ. "ನಾನು ಆವತ್ತೇ ಹೇಳಿದ್ದೆ, ನಮಗೆ ಇದೆಲ್ಲ ಯಾಕೆ ಅಂತ" ಎಂದು ಹಿರಿಯ ಅಧಿಕಾರಿಯೊಬ್ಬರು ಆಗಲೇ ಹೊರಡಲು ತಿರುಗಿದ್ದರು.

ಕೆಳಗಿಳಿದು ಪಕ್ಕದಿಂದ ನೋಡಿದ ಅಕ್ಕನಿಗೆ ಕಾರು ಕಾರಿನ ನಡುವೆ ಆಕಾಶ ಕಂಡಿತು. ಒಬ್ಬ ಮನುಷ್ಯ ಆರಾಮಾಗಿ ನಿಲ್ಲುವಷ್ಟು ಜಾಗ! ಪುಟ್ಟ ಕಾರಿನಲ್ಲಿ ಅವರದೊಂದು ಲೆಕ್ಕವಿತ್ತು. ಮುಂದಿನ ಕಾರಿನ ಕೆಂಪು ದೀಪ ತಮ್ಮ ಬಾನೆಟ್ಟಿನ ಹಿಂದೆ ಮರೆಯಾದ ಕೂಡಲೇ ಬ್ರೇಕ್. ಹೊಸ ಕಾರಿನ ಬಾನೆಟ್ ಉದ್ದ, ಎತ್ತರವೂ ಹೆಚ್ಚು. ದೀಪ ಬೇಗನೆ ಮರೆಯಾಗಿತ್ತು, ಕಾಲು ಹಳೆಯ ರೂಢಿಯಂತೆ ಬ್ರೇಕ್ ಒತ್ತಿತ್ತು. ಎರಡು ಕಡೆ ಹಾಗೆ ಬಿಟ್ಟ ಜಾಗವೇ ಕೊನೆಯ ಕಾರನ್ನು ಹೊರಗೆ ತಳ್ಳಿತ್ತು.

"ಸರ್, ಕಾರು ಉದ್ದ ಜಾಸ್ತಿ ಆಗಿದ್ದಲ್ಲ. ನಾನೇ ಇದನ್ನ ಚಿಕ್ಕದು ಅಂದ್ಕೊಂಡು ಓಡಿಸ್ಬಿಟ್ಟೆ. ತಪ್ಪು ನಂದು. ಇಳಿಸಿ ಇನ್ನೊಂದ್ಸಲ ಹತ್ತಿಸ್ತೀನಿ."

"ಒಂದಕ್ಕೊಂದು ತಾಗಿದ್ರೆ?"

"ತಾಗಿದ್ರೆ ನಾಳೆಯಿಂದ ನಾನು ಬರಲ್ಲ."

ತಪ್ಪು ಒಪ್ಪಿಕೊಂಡದ್ದಕ್ಕಿಂತ ಕಷ್ಟವಾಗಿದ್ದು ಅದರ ಮುಂದಿನ ಮಾತು. ಕೆಲಸ ಕಲಿತ ಮೇಲೆ ಎದುರಿಗೆ ಒಬ್ಬರನ್ನು ನಿಲ್ಲಿಸಿಕೊಂಡು 'ಬಾ ಬಾ' ಅನ್ನಿಸಿಕೊಂಡವರಲ್ಲ ಇವರು. ಅಂಥವರನ್ನು ಕಂಡರೆ ನಗುತ್ತಿದ್ದವರು. ಅವತ್ತು ಎಲ್ಲರೆದುರು ಕರೆದರು: "ಭಾವ, ಅಟ್ಟಕ್ಕೆ ಬನ್ನಿ. ಕೈ ತೋರಿಸ್ಬೇಕು."

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಜೋರಾಗಿ ಹೇಳು."

"ಮೊದ್ಲು ಹತ್ತಿ. ಆಮೇಲೆ ವರ್ಷವಿಡೀ ಆಡ್ಕೊಳ್ಳಿ."

ಮೂರೂ ಕಾರು ಇಳಿಸಿದ ಮೇಲೆ ಭಾವ ಮೇಲೇರಿ ಒಂದು ಬದಿಗೆ ಕಂಬಿ ಹಿಡಿದು ನಿಂತರು. ಮೊದಲ ಕಾರು ಮುಂದಿನ ತುದಿಗೆ ಹೋಗಿ ನಿಂತಿತು. ಎರಡನೆಯದರಲ್ಲಿ ಕೆಂಪು ದೀಪ ಮರೆಯಾಯಿತು. ಭಾವನ ಕೈ ಇನ್ನೂ ಕರೆಯುತ್ತಲೇ ಇತ್ತು. "ಕಾಲು ತಾನಾಗೇ ಬ್ರೇಕಿಗೆ ಹೋಗ್ತಿತ್ತು. ಬೈದು ಬೈದು ತಡೆದೆ. ಕಣ್ಣು ನಿಲ್ಸು ಅಂತಿದೆ, ಭಾವ ಬಾ ಅಂತಿದಾರೆ. ಕಣ್ಣನ್ನ ಬಿಟ್ಟು ಭಾವನ್ನ ನಂಬಿದೆ" ಎನ್ನುತ್ತಾರೆ. ನಿಲ್ಲು ಎಂದು ಭಾವನ ಮುಷ್ಟಿ ಬಿಗಿಯಾದಾಗ ನಿಲ್ಲಿಸಿದರು. ಒಂದು ಮೊಳ. ಮೂರನೆಯದೂ ಹಾಗೆಯೇ. ಬಾಲ ಅಂಚಿನೊಳಗೇ ಉಳಿಯಿತು. ಪಟ್ಟಿಗಳು ಢಣ್ ಎಂದು ಮಡಚಿಕೊಂಡವು.

ಹಿರಿಯ ಅಧಿಕಾರಿ ಟ್ರೈಲರನ್ನು ಒಂದು ಸುತ್ತು ಹಾಕಿ ಬಂದರು. ಶಹಬ್ಬಾಸ್ ಎನ್ನಲಿಲ್ಲ. "ಇನ್ನೊಂದು ಟ್ರೈಲರ್ ತರ್ಸಿ, ಅದನ್ನೂ ತುಂಬ್ಲಿ" ಎಂದರಷ್ಟೇ. ಅದೂ ತುಂಬಿತು. ಸಾಗಣೆ ಇದೇ ಯಾರ್ಡಿನವರಿಗೇ ಉಳಿಯಿತು.

ಈಗ ಉದ್ದನೆಯ ಕಾರಿಗೂ ಇವರ ಕಾಲು ಪಳಗಿದೆ. ಪುಟ್ಟದರಿಂದ ಇಳಿದು ಉದ್ದನೆಯದಕ್ಕೆ ಹತ್ತುವ ಮುನ್ನ ಒಂದು ಗಳಿಗೆ ಬಾನೆಟ್ಟಿನ ಮುಂದೆ ನಿಂತು, ಅದನ್ನು ಕಣ್ತುಂಬ ನೋಡಿ, ಆಮೇಲೆ ಒಳಗೆ ಕೂರುತ್ತಾರೆ. ಪುಟ್ಟ ಕಾರಿನ ಮಾರಾಟವೇನೂ ಕುಗ್ಗಿಲ್ಲ ಎನ್ನುತ್ತಾರೆ ಭಾವ. ಅಟ್ಟದಲ್ಲಿ ಈಗ ಎರಡೂ ಬೆರೆತು ಹೋಗುತ್ತವೆ.

ಇದೀಗ ಎತ್ತರದ ಮೂರನೆಯ ಮಾದರಿಯೊಂದು ಬರಲಿದೆಯಂತೆ. ಟ್ರೈಲರಿಗೆ ಹಿಡಿಯುತ್ತದೋ ಇಲ್ಲವೋ ಎಂದು ಚಹಾದ ಹೊತ್ತಿನಲ್ಲಿ ಮತ್ತೆ ಚರ್ಚೆ. ಕಂಪನಿ ಮಾದರಿಗಳನ್ನು ಹೀಗೆ ಹೆಚ್ಚಿಸುತ್ತ ಹೋಗುವುದು ಸರಿಯೇ ಎಂದು ಕೇಳಿದರೆ ಅಟ್ಟದಕ್ಕ ಲೋಟ ಕೆಳಗಿಡುತ್ತಾರೆ.

"ಮಾಡ್ಲಿ, ಧಾರಾಳವಾಗಿ ಮಾಡ್ಲಿ. ಮೊದಲನೇ ಟ್ರೈಲರ್ ತುಂಬೋದನ್ನ ನನಗೇ ಬಿಡ್ಲಿ, ಅಷ್ಟು ಸಾಕು. ಅವತ್ತು ಭಾವ ಮುಂದೆ ನಿಂತು 'ಬಾ ಬಾ' ಅನ್ಲಿ, ಬಾಯಿ ಮುಚ್ಕೊಂಡು ಕೇಳ್ತೀನಿ. ಎರಡನೇ ಟ್ರೈಲರಿಂದ ಅವರು ಕೆಳಗೆ ಕೂತು ಚಹಾ ಕುಡೀಬಹುದು."